ಕರೆಯದ ಹೆಸರು

ಹೆಸರು ಕರೆಯುವ ಮೊದಲು ಅಕ್ಕೋರು ಕೆಳದುಟಿಯನ್ನು ಒಮ್ಮೆ ಹಲ್ಲಿನ ಒಳಗೆ ಎಳೆದುಕೊಳ್ಳುತ್ತಿದ್ದರು. ಮುಂದಿನ ಎರಡು ಹಲ್ಲುಗಳ ನಡುವೆ ಜೋಳದ ಕಾಳು ಹಿಡಿಯುವಷ್ಟು ಸಂದು ಇತ್ತು. ತುಟಿ ಅಲ್ಲಿ ಕ್ಷಣ ಹೊತ್ತು ಸಿಕ್ಕಿ, ಬಿಳಿಚಿಕೊಂಡು, ಮತ್ತೆ ಹೊರಗೆ ಬರುತ್ತಿತ್ತು. ಆಮೇಲೆ ಹೆಸರು ಬರುತ್ತಿತ್ತು: ಮಗುವಿನದು, ತಂದೆಯದು, ಮನೆತನದ್ದು, ಮೂರೂ ಬಿಡಿಬಿಡಿಯಾಗಿ. ಕರೆಸಿಕೊಂಡ ಮಗು ಎದ್ದು ನಿಂತು "ಹಾಜರ" ಅನ್ನಬೇಕು. ರವಿವಾರ ಬೆಳಿಗ್ಗೆ ಅವರ ಪಡಸಾಲೆಯಲ್ಲಿ ಕುಳಿತ ಮಕ್ಕಳೆಲ್ಲ ಹೀಗೆ ಒಬ್ಬೊಬ್ಬರಾಗಿ ಏಳುತ್ತಿದ್ದರು. ನನ್ನ ಸರದಿ ಬಂದಾಗಲೂ ತುಟಿ ಒಳಗೆ ಹೋಗುತ್ತಿತ್ತು, ಹೊರಗೂ ಬರುತ್ತಿತ್ತು. ಹೆಸರು ಮಾತ್ರ ಬರುತ್ತಿರಲಿಲ್ಲ. "ಬಾಳ, ಬಂದೀ ಏನ?" ಎಂದು ಕೇಳಿ ಮುಂದಿನವನ ಕಡೆಗೆ ತಿರುಗುತ್ತಿದ್ದರು. ಬಾಳ ಎಂದರೆ ಮರಾಠಿಯಲ್ಲಿ ಮಗು. ಮಕ್ಕಳೇ ತುಂಬಿದ ಪಡಸಾಲೆಯಲ್ಲಿ ಅದು ಯಾರ ಹೆಸರೂ ಅಲ್ಲ.

ಇದು ಐವತ್ತೇಳು, ಐವತ್ತೆಂಟರ ಮಾತು. ನಾವು ಇಚಲಕರಂಜಿಯ ಮಗ್ಗದ ಓಣಿಯೊಂದರಲ್ಲಿ ಇದ್ದೆವು. ಅಪ್ಪ ತೇರದಾಳದ ಕೈಮಗ್ಗ ಬಿಟ್ಟು ಇಲ್ಲಿಯ ವಿದ್ಯುತ್ ಮಗ್ಗಕ್ಕೆ ಬಂದವನು. ಅವ್ವ ಅದೇ ಶೆಡ್ಡಿನಲ್ಲಿ ಲಾಳಿಯ ಕಂಡಿಕೆಗೆ ನೂಲು ಸುತ್ತುತ್ತಿದ್ದಳು. ಮಗ್ಗಗಳು ಓಡುವಾಗ ಅಲ್ಲಿ ಮಾತು ಕೇಳಿಸುವುದಿಲ್ಲ. ಆ ಮೂಲೆಯಲ್ಲಿ ನಿಂತವಳು ತುಟಿ ಆಡಿಸಿದರೆ ಈ ಮೂಲೆಯಲ್ಲಿ ಇದ್ದವನು ಓದಿಕೊಂಡು ನೂಲು ತರುತ್ತಾನೆ. ನಾನು ಅಕ್ಷರಕ್ಕಿಂತ ಮೊದಲು ತುಟಿ ಓದಲು ಕಲಿತವಳು. ಆದ್ದರಿಂದ ಅಕ್ಕೋರ ತುಟಿಯನ್ನು ಬೇರೆ ಮಕ್ಕಳಿಗಿಂತ ಹೆಚ್ಚು ನೋಡುತ್ತಿದ್ದೆ. ನನ್ನ ಹೆಸರು ಅಲ್ಲಿಯವರೆಗೆ ಬಂದು ಹಿಂದಕ್ಕೆ ಹೋಗುವುದನ್ನೂ ನೋಡುತ್ತಿದ್ದೆ.

ಕಲಿಸುವ ಹೆಂಗಸನ್ನು ನಮ್ಮ ಕಡೆ ಅಕ್ಕೋರು ಎನ್ನುತ್ತೇವೆ. ಅವರ ಊರು ಗಡಹಿಂಗ್ಲಜ. ತಂದೆ ಅಲ್ಲಿ ಕನ್ನಡ ಕಲಿಸುತ್ತಿದ್ದರಂತೆ. ಮದುವೆಯಾಗಿರಲಿಲ್ಲ. ಎತ್ತರದ, ಒಣಗಿದ ಮೈ, ಕಾಲಿಗೆ ಗಂಡಸರ ಚಪ್ಪಲಿ. ವಾರದ ದಿನಗಳಲ್ಲಿ ಹೆಣ್ಣುಮಕ್ಕಳಿಗೆ ಹೊಲಿಗೆ ಕಲಿಸುತ್ತಿದ್ದರು, ರವಿವಾರ ಕಿರಿಸ್ತಾನರ ಮಕ್ಕಳ ಕ್ಲಾಸು ನಡೆಸುತ್ತಿದ್ದರು. ಹಾಡು, ಚಿತ್ರ ತೋರಿಸಿ ಹೇಳುವ ಕಥೆ, ಬಾಯಿಪಾಠ, ಕೊನೆಗೆ ಒಂದೊಂದು ಹಿಡಿ ಪುಟಾಣಿ, ಅಂದರೆ ಹುರಿಗಡಲೆ. ಬಂದ ಮಕ್ಕಳಲ್ಲಿ ಕಿರಿಸ್ತಾನರು ಮೂರು ಮನೆಯವರು ಮಾತ್ರ. ಉಳಿದವರು ಪುಟಾಣಿಗಾಗಿ ಬಂದವರು ಎಂದು ಓಣಿ ಹೇಳುತ್ತಿತ್ತು.

ಆ ಪುಟಾಣಿಯ ಮೇಲೆ ಓಣಿಗೆ ಭಾರಿ ಸಂಶಯ. ಅದರಲ್ಲಿ ಏನೋ ಪುಡಿ ಬೆರೆಸಿರುತ್ತಾರೆ, ತಿಂದ ಮಗುವಿಗೆ ಮನೆದೇವರ ಹೆಸರು ಮರೆಯುತ್ತದೆ ಎಂದು ನಮ್ಮ ಪಕ್ಕದ ಮನೆಯ ಅಜ್ಜಿ ಹೇಳುತ್ತಿದ್ದಳು. ಮೊಮ್ಮಗ ತಂದ ಪುಟಾಣಿಯನ್ನು ಮೊದಲು ಮೂಸಿ, ಆಮೇಲೆ ಆಡಿಗೆ ನಾಲ್ಕು ಕಾಳು ಹಾಕಿ, ಆಡು ಅರಚಿದ ಮೇಲೆ ಉಳಿದದ್ದನ್ನು ತಾನೇ ತಿನ್ನುತ್ತಿದ್ದಳು. ಅತ್ತ ಅಕ್ಕೋರೂ ಕಡಿಮೆ ಇರಲಿಲ್ಲ. ಅವರ ಕೊಡದಲ್ಲಿ ಯಾರೋ ಒಮ್ಮೆ ಸೀಮೆಎಣ್ಣೆ ಸುರಿದಿದ್ದರಂತೆ. ಅಂದಿನಿಂದ ನೀರು ಕುಡಿಯುವ ಮೊದಲು ಅವರು ಲೋಟವನ್ನು ಮೂಗಿನ ಹತ್ತಿರ ಹಿಡಿಯುತ್ತಿದ್ದರು. ಸ್ಟೂಲನ್ನು ಕಾಲಿನಿಂದ ಒತ್ತಿ ನೋಡಿಯೇ ಕೂಡುತ್ತಿದ್ದರು. ಓಣಿ ಅವರ ಪುಟಾಣಿ ಮೂಸುತ್ತಿತ್ತು, ಅವರು ಓಣಿಯ ನೀರು ಮೂಸುತ್ತಿದ್ದರು. ಹೀಗೆ ಎರಡೂ ಕಡೆಯವರು ವರ್ಷಗಟ್ಟಲೆ ನೆರೆಹೊರೆಯಾಗಿ ಬಾಳಿದರು.

ಅವರದು ಇನ್ನೊಂದು ಸ್ವಭಾವ: ಸುಲಭಕ್ಕೆ ಹೂಂ ಅನ್ನುತ್ತಿರಲಿಲ್ಲ. ಮುಂದಿನ ವಾರ ಬಣ್ಣದ ಚಿತ್ರ ಕೊಡುತ್ತೀರೇನು ಎಂದು ಕೇಳಿದರೆ "ನೋಡೂಣು" ಅನ್ನುತ್ತಿದ್ದರು. ಹಟ ಹಿಡಿದರೆ, "ಹೂಂ ಅಂದ ಮ್ಯಾಲೆ ಮುಗೀತಪಾ. ಆಮ್ಯಾಲೆ ನನ್ನ ಕೈಯಾಗ ಏನೂ ಇರೂದಿಲ್ಲ" ಅನ್ನುತ್ತಿದ್ದರು. ನನಗೆ ಇದು ಕೊಡದವರು ಹೇಳುವ ಮಾತು ಅನ್ನಿಸುತ್ತಿತ್ತು.

ಅವ್ವ ನನ್ನನ್ನು ಅಲ್ಲಿಗೆ ಕಳಿಸಿದ್ದು ಭಕ್ತಿಯಿಂದಲ್ಲ, ಹೆದರಿ. ನಮ್ಮ ಶೆಡ್ಡಿಗೆ ಕರೆಂಟು ಇಲ್ಲದ ದಿನವೇ ರಜೆ. ರವಿವಾರ ಮಗ್ಗ ಓಡುತ್ತಿತ್ತು, ನನ್ನ ಶಾಲೆ ಮುಚ್ಚಿರುತ್ತಿತ್ತು. ಒಂದು ರವಿವಾರ ಶೆಡ್ಡಿನಲ್ಲಿ ಆಡುತ್ತಿದ್ದಾಗ ನನ್ನ ಜಡೆಯ ತುದಿ ಮಗ್ಗದ ಪಟ್ಟಿಗೆ ಸಿಕ್ಕಿತು. ಅಪ್ಪ ಕತ್ತರಿ ಹಾಕದಿದ್ದರೆ ಏನಾಗುತ್ತಿತ್ತೋ. ಮರುವಾರ ಅವ್ವ ನನ್ನ ಕೈ ಹಿಡಿದು ಅಕ್ಕೋರ ಬಾಗಿಲಿಗೆ ಹೋದಳು. ದಾರಿಯಲ್ಲಿ ನನಗೆ ಮೂರು ಮಾತು ಹೇಳಿದಳು: "ಅವರ ಮನ್ಯಾಗ ನೀರ ಕುಡಿಯೂದಲ್ಲ. ಕಣ್ಣ ಮುಚ್ಚಿ ಕುಂದ್ರೂದಲ್ಲ. ಯಾರರ ತಲೀ ಮ್ಯಾಲೆ ಕೈ ಇಡಾಕ ಬಂದ್ರ ಎದ್ದ ಓಡಿ ಬರೂದು." ಬಾಗಿಲಿನಲ್ಲಿ ನನ್ನನ್ನು ಒಳಗೆ ಕಳಿಸಿ, ಅಕ್ಕೋರ ಜೊತೆ ಅವಳು ಸ್ವಲ್ಪ ಹೊತ್ತು ಹೊರಗೆ ನಿಂತಳು. ನಾನು ಗೋಡೆಯ ಚಿತ್ರ ನೋಡುತ್ತಿದ್ದೆ. ಅವರ ತುಟಿ ನೋಡಲಿಲ್ಲ.

ಒಳಗೆ ಹೋದ ಮೇಲೆ ನನಗೆ ತಿಳಿದದ್ದು, ಬಾಯಿಪಾಠದಲ್ಲಿ ನನ್ನ ಸಮ ಯಾರೂ ಇಲ್ಲ ಎಂದು. ಮಗ್ಗದ ಲಯಕ್ಕೆ ಹಾಕಿಕೊಂಡರೆ ಎಷ್ಟು ಉದ್ದದ ಪಾಠವಾದರೂ ನಿಲ್ಲುತ್ತಿತ್ತು. ಒಂದೇ ದೋಷ, ಶೆಡ್ಡಿನಲ್ಲಿ ಬೆಳೆದ ದನಿ. "ಇಲ್ಲಿ ಮಗ್ಗ ಇಲ್ಲವ್ವಾ, ಸಾವಕಾಶ ಹೇಳು. ದೇವರು ಕಿವುಡ ಅಲ್ಲ" ಎಂದು ಅಕ್ಕೋರು ನಗುತ್ತಿದ್ದರು. ಉಳಿದ ಮಕ್ಕಳೂ ನಗುತ್ತಿದ್ದರು. ಬಡಿಗನ ಮಗಳೊಬ್ಬಳು ಮಾತ್ರ ನಗದೆ ನನ್ನ ಕಡೆ ಬಾಗಿ, "ತುಲಾ ನಾವಚ ನಾಹೀ" ಎನ್ನುತ್ತಿದ್ದಳು. ನಿನಗೆ ಹೆಸರೇ ಇಲ್ಲ ಎಂದು. ಅವಳು ಕಿರಿಸ್ತಾನರ ಹುಡುಗಿ. ಅವಳ ಹೆಸರನ್ನು ಅಕ್ಕೋರು ಪ್ರತಿ ವಾರ ಮೊದಲು ಕರೆಯುತ್ತಿದ್ದರು. ಇದನ್ನು ನಾನು ಗಮನದಲ್ಲಿ ಇಟ್ಟುಕೊಂಡೆ.

ನಾತಾಳ, ಅಂದರೆ ಅವರ ಡಿಸೆಂಬರಿನ ಹಬ್ಬ, ಹತ್ತಿರ ಬಂದಾಗ ಕೊಲ್ಲಾಪುರದಲ್ಲಿ ಸುತ್ತಲಿನ ಊರುಗಳ ಮಕ್ಕಳ ಕಾರ್ಯಕ್ರಮ ನಡೆಯುತ್ತಿತ್ತು. ಪ್ರತಿ ಕ್ಲಾಸಿನ ಒಂದು ಮಗು ವೇದಿಕೆಯ ಮೇಲೆ ಪಾಠ ಒಪ್ಪಿಸಬೇಕು. ಎಲ್ಲರಿಗಿಂತ ಚೆನ್ನಾಗಿ ಒಪ್ಪಿಸಿದವರ ಹೆಸರನ್ನು ಪಾದ್ರಿ ಸಭೆಯ ಮುಂದೆ ಪೂರ್ತಿಯಾಗಿ ಕೂಗುತ್ತಾರೆ. ಆ ಮಗು ಮತ್ತೆ ಮೇಲೆ ಹೋಗಬೇಕು. ಪಾದ್ರಿ ಅದರ ತಲೆಯ ಮೇಲೆ ಕೈಯಿಟ್ಟು ಹರಸುತ್ತಾರೆ, ಸಭೆಯೆಲ್ಲ ಎದ್ದು ಚಪ್ಪಾಳೆ ತಟ್ಟುತ್ತದೆ. ಬಹುಮಾನವೆಂದರೆ ಇಷ್ಟೇ. ನನಗೆ ಅದು ಬೇಕಾಗಿತ್ತು. ತಲೆಯ ಮೇಲಿನ ಕೈ ಅಲ್ಲ, ಕೂಗುವ ಹೆಸರು. ಅಪ್ಪನ ಹೆಸರೂ ನಮ್ಮ ಮನೆತನದ ಹೆಸರೂ ಅಷ್ಟು ಜನರ ಕಿವಿಗೆ ಬೀಳುವುದನ್ನು ನಾನು ಮನಸ್ಸಿನಲ್ಲಿ ಅದೆಷ್ಟೋ ಸಲ ಕೇಳಿದ್ದೆ.

ನಮ್ಮ ಕ್ಲಾಸಿನಿಂದ ಅಕ್ಕೋರು ಆರಿಸಿದ್ದು ನನ್ನನ್ನೇ. ಬಡಿಗನ ಮಗಳು ಅತ್ತಳು. ಆಗ ನನಗೆ ಸಂಶಯ ಬರಬೇಕಾಗಿತ್ತು, ಬರಲಿಲ್ಲ. ಓಣಿಗೆ ಬಂತು. ಕೊರೋಚಿಯ ಒಬ್ಬ ಹುಡುಗಿಯ ಹೆಸರನ್ನು ಹಿಂದಿನ ವರ್ಷ ಹೀಗೆಯೇ ಕೂಗಿ, ಆಮೇಲೆ ಬೋರ್ಡಿಂಗಿಗೆ ಸೇರಿಸಿಕೊಂಡು, ಹೆಸರನ್ನೇ ಬದಲಿಸಿದರಂತೆ ಎಂದು ಆಡಿನ ಅಜ್ಜಿ ಮತ್ತೆ ಮನೆಮನೆಗೆ ಹೇಳಿದಳು. ಅವ್ವ ಎಲ್ಲವನ್ನೂ ಕೇಳಿಸಿಕೊಂಡು, ನನ್ನ ತಲೆ ಬಾಚಿ ಕಳಿಸಿದಳು.

ಕೊಲ್ಲಾಪುರದ ಆ ಸಭಾಂಗಣ ಉದ್ದವಾಗಿತ್ತು. ಅಲ್ಲಿ ನನ್ನ ದೊಡ್ಡ ದನಿ ದೋಷವಾಗಲಿಲ್ಲ, ಕೊನೆಯ ಬೆಂಚಿನವರೆಗೂ ಮುಟ್ಟಿತು. ಎಲ್ಲಿಯೂ ತಡೆಯಲಿಲ್ಲ. ಇಳಿದು ಬರುವಾಗ ಯಾರೋ ಹೆಂಗಸು ನನ್ನ ಗಲ್ಲ ಹಿಡಿದು ಯಾರ ಮಗಳು ಎಂದು ಮರಾಠಿಯಲ್ಲಿ ಕೇಳಿದಳು. ಈಗ ಕೂಗುತ್ತಾರೆ, ಕೇಳು ಎಂದು ನಾನು ಮನಸ್ಸಿನಲ್ಲೇ ಅಂದುಕೊಂಡೆ.

ಎಲ್ಲರದೂ ಮುಗಿದ ಮೇಲೆ ಪಾದ್ರಿ ವೇದಿಕೆಯ ಅಂಚಿಗೆ ಬಂದು ಅಕ್ಕೋರನ್ನು ಹತ್ತಿರ ಕರೆದರು. ನನ್ನ ಕಡೆ ಕೈ ಮಾಡಿ ಏನೋ ಕೇಳಿದರು. ಅಕ್ಕೋರು ಕತ್ತು ಮೇಲೆತ್ತಿ ಉತ್ತರ ಕೊಟ್ಟರು. ಹಾಡು ನಡೆದಿತ್ತು, ಅವರ ದನಿ ಯಾರಿಗೂ ಕೇಳಿಸುವಂತೆ ಇರಲಿಲ್ಲ. ನನಗೆ ದನಿ ಬೇಕಾಗಿರಲಿಲ್ಲ. "ಹಿಚ ನಾವ ಘೇಊ ನಕಾ" ಅಂದರು. ಇವಳ ಹೆಸರು ಹೇಳಬೇಡಿ. ಪಾದ್ರಿ ಹುಬ್ಬು ಏರಿಸಿದರು. ಅಕ್ಕೋರು ಅದನ್ನೇ ಇನ್ನೊಮ್ಮೆ ಹೇಳಿದರು. ನಾನು ಎರಡು ಸಲವೂ ಸರಿಯಾಗಿ ಓದಿದೆ.

ಆಮೇಲೆ ಕೊಲ್ಲಾಪುರದ ಒಬ್ಬ ಹುಡುಗನ ಹೆಸರು ಕೂಗಿದರು. ಅವನು ನಡುವೆ ಪಾಠ ಮರೆತು ತಾಯಿಯ ಮುಖ ನೋಡಿದವನು. ಅವನಿಗಾಗಿ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವರು ನಮ್ಮ ಅಕ್ಕೋರು.

ಮರಳುವಾಗ ಬಸ್ಸಿನಲ್ಲಿ ಅವರು ನನ್ನ ಪಕ್ಕದಲ್ಲೇ ಬಂದು ಕುಳಿತರು. ಹಾತಕಣಂಗಲೆ ದಾಟಿದ ಮೇಲೆ ನನ್ನ ಕೈ ಬಿಡಿಸಿ ಪುಟಾಣಿ ತುಂಬಿದರು. ಆ ಸಲ ಅದರಲ್ಲಿ ಬೆಲ್ಲದ ತುಂಡುಗಳೂ ಇದ್ದವು. ನಾನು ಕೈಯನ್ನು ಕಿಟಕಿಯ ಹೊರಗೆ ಇಟ್ಟು ಒಂದೊಂದೇ ಕಾಳು ಬೀಳಿಸಿದೆ. ಅವರು ನೋಡಿದರು. "ಗಾಳಿಗೆ ಕೈ ಒಳಗ ತಗೋ, ಬಾಳ" ಅಂದರು, ಅಷ್ಟೇ.

ಮುಂದಿನ ರವಿವಾರ ನಾನು ಹೋಗಲಿಲ್ಲ. ಅದರ ಮುಂದಿನದೂ ಇಲ್ಲ. ಆಗ ಅಕ್ಕೋರು ನಮ್ಮ ಮನೆಗೆ ಬಂದರು. ಹೊಸ್ತಿಲ ಆಚೆಗೇ ನಿಂತರು. ಅವ್ವ ಒಳಗೆ ಬನ್ನಿ ಅನ್ನಲಿಲ್ಲ, ಅವರೂ ಅದನ್ನು ಬಯಸಲಿಲ್ಲ.

"ಹುಡುಗಿ ಬರವಲ್ಲಳು, ತಂಗಿ."

"ಆಕಿನ್ನ ಕೇಳ್ರಿ," ಅಂದಳು ಅವ್ವ. ಒಲೆಯ ಕಡೆ ತಿರುಗಿದಳು. ಅವಳ ಬೆನ್ನು ಅಷ್ಟು ಬಿಗಿಯಾಗಿ ಇದ್ದದ್ದನ್ನು ನಾನು ಸಿಟ್ಟು ಎಂದುಕೊಂಡೆ.

ಅಕ್ಕೋರು ನನ್ನನ್ನು ಕೇಳಿದರು. ನಾನು ಮುಖಕ್ಕೆ ಹೊಡೆದಂತೆ ಹೇಳಿದೆ: "ನೀವು ನನ್ನ ಹೆಸರ ಹೇಳಬ್ಯಾಡ್ರಿ ಅಂದ್ರಿ. ನಾ ಓದೀನಿ."

ಅವರು ಅಲ್ಲಗಳೆಯಲಿಲ್ಲ. ತುಟಿ ಒಳಗೆ ಹೋಯಿತು, ಬಿಳಿಚಿತು, ಹೊರಗೆ ಬಂತು. ಒಮ್ಮೆ ಅವ್ವನ ಬೆನ್ನು ನೋಡಿದರು. "ಹೌದವಾ, ಅಂದೀನಿ," ಅಂದರು. "ಸಿಟ್ಟ ಇಟಗೋ. ಪಾಠ ಬಿಡಬ್ಯಾಡ."

ಮಾಡಿದ್ದನ್ನು ಒಪ್ಪಿಕೊಂಡು ಕಾರಣ ಹೇಳದವರನ್ನು ನಂಬುವುದು ಹೇಗೆ? ನಾನು ಮತ್ತೆ ಹೋಗತೊಡಗಿದೆ, ಆದರೆ ನಂಬಿ ಅಲ್ಲ. ಈ ಸಲ ಬೇಹುಗಾರರು ಹೋಗುವಂತೆ ಹೋದೆ. ಅವರು ಯಾರಿಗೆ ಎಷ್ಟು ಪುಟಾಣಿ ಹಾಕುತ್ತಾರೆ, ಯಾರ ತಲೆ ನೇವರಿಸುತ್ತಾರೆ ಎಂದು ನೋಡುತ್ತಿದ್ದೆ. ನನ್ನ ತಲೆಯನ್ನು ಅವರು ಎಂದೂ ಮುಟ್ಟಲಿಲ್ಲ. ಕೊಳೆ ಕೂತಿದೆ ಎಂದು ಬಡಿಗನ ಮಗಳ ಕಿವಿಯನ್ನು ಕೂಡ ಸೆರಗಿನಿಂದ ಒರೆಸುತ್ತಿದ್ದವರು ನನ್ನ ಹತ್ತಿರ ಬಂದಾಗ ಕೈಯನ್ನು ಹಿಂದೆ ಕಟ್ಟಿಕೊಳ್ಳುತ್ತಿದ್ದರು. ನನ್ನ ಮಟ್ಟಿಗೆ ಸಾಕ್ಷಿ ಪೂರ್ತಿಯಾಗಿತ್ತು. ನಾನು ಅವರವಳಲ್ಲ, ಅದಕ್ಕೆ ಹೀಗೆ. ಪುಟಾಣಿಗೆ ಬಂದ ಉಳಿದ ಮಕ್ಕಳೂ ಅವರವರಲ್ಲ ಎಂಬುದು ನನ್ನ ಲೆಕ್ಕಕ್ಕೆ ಬರಲಿಲ್ಲ.

ಅದೇ ಹೊತ್ತಿಗೆ ಅವರು ನನಗೆ ಕನ್ನಡ ಅಕ್ಷರ ಕಲಿಸತೊಡಗಿದರು. ನಮ್ಮ ಶಾಲೆ ಮರಾಠಿಯದು. ಮನೆಯಲ್ಲಿ ಆಡುವ ಮಾತಿಗೂ ಲಿಪಿ ಇದೆ ಎಂಬುದು ನನಗೆ ಗೊತ್ತಿರಲಿಲ್ಲ. ಉಳಿದ ಮಕ್ಕಳು ಹೋದ ಮೇಲೆ ಪಡಸಾಲೆಯ ನೆಲದ ಫರಸಿಕಲ್ಲಿನ ಮೇಲೆ ಇದ್ದಿಲಿನಿಂದ ಬರೆದು ತೋರಿಸುತ್ತಿದ್ದರು. ಇದಕ್ಕೂ ನಾನು ಒಂದು ಕಾರಣ ಹುಡುಕಿದ್ದೆ: ಅಕ್ಷರ ಬಂದರೆ ಅವರ ಕಪ್ಪು ರಟ್ಟಿನ ಕನ್ನಡ ಪುಸ್ತಕ ಓದಿಸುತ್ತಾರೆ. ಒಂದು ದಿನ ಅದನ್ನು ತೆರೆದು ಮುಂದೆ ಇಟ್ಟರು. ನಾನು ಕೈ ಕಟ್ಟಿಕೊಂಡು ಕುಳಿತೆ. ಅವರು ವಾದಿಸಲಿಲ್ಲ. ಒಳಗೆ ಹೋಗಿ, ನಿಪ್ಪಾಣಿಯಿಂದ ಬೆಲ್ಲ ಕಟ್ಟಿಕೊಂಡು ಬಂದಿದ್ದ ಬೆಳಗಾವಿಯ ಹಳೆಯ ಕನ್ನಡ ಪತ್ರಿಕೆಯ ಹಾಳೆಯನ್ನು ತಂದು ಮಡಿಕೆ ಬಿಡಿಸಿದರು. ನಾನು ಮೊದಲು ಓದಿದ ಕನ್ನಡ ಎಂದರೆ ಎಮ್ಮೆ ಕಳೆದಿದೆ ಎಂಬ ಒಂದು ಜಾಹೀರಾತು. ಅಂದಿನಿಂದ ಅವರ ಮನೆಗೆ ಬೆಲ್ಲ ನಿಪ್ಪಾಣಿಯದೇ ಬರುತ್ತಿತ್ತು. ಇಚಲಕರಂಜಿಯ ಸಂತೆಯಲ್ಲಿ ಬೆಲ್ಲ ಸಿಗುತ್ತಿರಲಿಲ್ಲವೇ ಎಂದು ನನಗೆ ಆಗ ಹೊಳೆಯಲಿಲ್ಲ.

ನಂತರದ ನಾತಾಳಗಳಲ್ಲಿಯೂ ನಾನೇ ಪಾಠ ಒಪ್ಪಿಸಿದೆ, ಬೇರೆಯವರ ಹೆಸರು ಕೂಗಿದರು. ನಾನು ಹೈಸ್ಕೂಲು ಸೇರುವ ವರ್ಷ ಅಕ್ಕೋರು ಗಡಹಿಂಗ್ಲಜಕ್ಕೆ ಮರಳಿದರು. ಹೊರಡುವ ದಿನವೂ "ಬಾಳ, ಬರ್ತೀನಿ" ಅಂದರು. ನಾನು ಹೂಂ ಅಂದೆ.

ಮುಂದೆ ನಾನು ಕೊಲ್ಲಾಪುರದ ಕಾಲೇಜಿಗೆ ಹೋದೆ. ನಮ್ಮ ಓಣಿಯಿಂದ ಹಾಗೆ ಹೋದ ಮೊದಲ ಹುಡುಗಿ ನಾನು. ಅಲ್ಲಿ ಹಾಜರಿ ತೆಗೆದುಕೊಳ್ಳುವಾಗ ಯಾರ ಹೆಸರನ್ನೂ ಕರೆಯುತ್ತಿರಲಿಲ್ಲ, ನಂಬರು ಕರೆಯುತ್ತಿದ್ದರು. ನಾನು ಮೊದಲ ದಿನವೇ ಅದಕ್ಕೆ ಹೊಂದಿಕೊಂಡೆ. ಅಭ್ಯಾಸವಿತ್ತು.

ಪದವಿಯ ಕೊನೆಯ ವರ್ಷ ಬೇಸಿಗೆ ರಜೆಯಲ್ಲಿ ಮನೆಗೆ ಬಂದಾಗ, ಅಕ್ಕೋರು ಹಾಸಿಗೆ ಹಿಡಿದಿದ್ದಾರೆ ಎಂಬ ಸುದ್ದಿ ಬಡಿಗನ ಮನೆಯಿಂದ ಬಂತು. ಹೋಗಬೇಕೋ ಬೇಡವೋ ಎಂದು ನಾನು ಇನ್ನೂ ಯೋಚಿಸುತ್ತಿದ್ದೆ. ಅವ್ವ ಕೆಲಸದ ಸೀರೆ ಬದಲಿಸಿ ಹೊರಗೆ ಬಂದಳು. "ನಡಿ, ನಾನೂ ಬರ್ತೀನಿ," ಅಂದಳು. ಮಗ್ಗ ಓಡುವ ದಿನ ಅವಳು ರಜೆ ತೆಗೆದದ್ದು ನನಗೆ ನೆನಪಿಲ್ಲ. ಇದರಲ್ಲಿ ಏನೋ ಇದೆ ಅನ್ನಿಸಿತು.

ಬಸ್ಸು ನಿಪ್ಪಾಣಿ ಬಿಟ್ಟ ಮೇಲೆ ಅವಳು ಕಿಟಕಿಯ ಹೊರಗೆ ನೋಡುತ್ತ ಮಾತು ತೆಗೆದಳು. ನನ್ನ ತೊಟ್ಟಿಲ ದಿನದಿಂದ ಸುರು ಮಾಡಿದಳು. ನಮ್ಮಲ್ಲಿ ಕೂಸಿನ ಕಿವಿಯಲ್ಲಿ ಹೆಸರು ಊದುವವಳು ಸೋದರತ್ತೆ. ಅವಳು ಬಾಗಿ ಹೆಸರು ಕರೆಯುವಾಗ ಉಳಿದ ಹೆಂಗಸರು ಅವಳ ಬೆನ್ನ ಮೇಲೆ ಗುದ್ದುತ್ತಾರೆ. ಗುದ್ದು ತಿಂದು ಹೆಸರು ಕರೆದವಳಿಗೆ ಆ ಕೂಸಿನ ಮೇಲೆ ಹಕ್ಕು ಬರುತ್ತದೆ. ಮುಂದೆ ಅವಳ ಮಗನಿಗೆ ಹೆಣ್ಣು ಕೇಳಿದರೆ ಇಲ್ಲ ಅನ್ನುವುದು ಕಷ್ಟ. ಇದೆಲ್ಲ ನನಗೆ ಗೊತ್ತಿದ್ದದ್ದೇ. ಗೊತ್ತಿಲ್ಲದ್ದು ಮುಂದಿನ ಮಾತು.

"ಒಬ್ಬಾಕಿ ಕರದದ್ದಕ್ಕ ಇಷ್ಟ ಹಕ್ಕ ಐತಿ. ಪಾದ್ರಿ ಅಷ್ಟ ಮಂದ್ಯಾಗ ಕೂಗಿ, ತಲೀ ಮ್ಯಾಲೆ ಕೈ ಇಟ್ಟಾಂದ್ರ? ಕೊರೋಚಿ ಹುಡುಗಿ ಕತಿ ನಿನ್ನ ಕಳಸೂ ಮೊದಲ ಕೇಳಿದ್ನೆಲ್ಲಾ. ಅದಕ್ಕ ಮೊದಲನೇ ದಿನಾನ ಅಕ್ಕೋರಿಗೆ ಹೇಳಿದ್ನಿ. ನಿಮ್ಮ ಬಾಯಿಂದ ಆಗಲಿ, ನಿಮ್ಮವರ ಬಾಯಿಂದ ಆಗಲಿ, ನನ್ನ ಮಗಳ ಹೆಸರ ಕರೀಕೂಡದು, ತಲಿ ಮುಟ್ಟಕೂಡದು. ಹೂಂ ಅಂದ್ರ ಬಿಟ್ಟ ಹೋಗ್ತೀನಿ, ಇಲ್ಲಾಂದ್ರ ಶೆಡ್ಡಿಗೆ ಕರಕೊಂಡ ಹೋಗ್ತೀನಿ."

"ಅವರು ಏನಂದ್ರು?"

"ನಿನ್ನ ಜಡಿ ನೋಡಿದ್ರು, ಕತ್ತರಿಸಿದ್ದು. ಹೂಂ ಅಂದ್ರು."

ನನಗೆ ಯಾಕೆ ಹೇಳಲಿಲ್ಲ ಎಂದು ನಾನು ಕೇಳಲಿಲ್ಲ. ಒಲೆಯ ಕಡೆ ತಿರುಗಿದ ಆ ಬೆನ್ನು ನೆನಪಾಯಿತು.

ಗಡಹಿಂಗ್ಲಜದ ಮನೆ ಚಿಕ್ಕದು, ಒಂದು ಕಿಟಕಿ. ಅಕ್ಕೋರು ಇನ್ನೂ ಒಣಗಿದ್ದರು. ಹಲ್ಲಿನ ಸಂದು ಮಾತ್ರ ಮೊದಲಿನಂತೆಯೇ ಇತ್ತು. ತಂಗಿಯ ಮಗಳು ಔಷಧದ ಜೊತೆಗೆ ಕೊಟ್ಟ ನೀರನ್ನು ಅವರು ಮೂಗಿನ ಹತ್ತಿರ ಹಿಡಿದು ಕುಡಿದರು. ಯಾರು ಬಂದಿದ್ದಾರೆ ನೋಡಿ ಎಂದು ಆ ಹುಡುಗಿ ಹೇಳಿದಾಗ ನನ್ನನ್ನು ದಿಟ್ಟಿಸಿ, "ಬಾಳ, ಬಂದೀ ಏನ?" ಅಂದರು.

ನಾನು ಕೇಳಬೇಕಾದದ್ದು ಒಂದೇ ಇತ್ತು. ಅವ್ವನ ಮಾತನ್ನು ನನಗೇಕೆ ಹೇಳಲಿಲ್ಲ ಎಂದು ಕೇಳಿದೆ. ಅವರು ಉಸಿರು ಕೂಡಿಸಿಕೊಂಡು ಉತ್ತರಿಸಿದರು: "ಹೇಳಿದ್ರ ನಿಮ್ಮವ್ವನ ಮ್ಯಾಲೆ ಸಿಟ್ಟಾಗತಿದ್ದಿ. ಆಕಿ ಜೋಡಿ ದಿನಾ ಇರಬೇಕು. ನಾ ವಾರಕ್ಕೊಮ್ಮೆ ಸಿಗಾಕಿ. ನನ್ನ ಮ್ಯಾಲೆ ಸಿಟ್ಟ ಇದ್ರ ನಡೀತಿತ್ತು."

ಈ ಉತ್ತರವನ್ನು ನಾನು ಅಂದಿನಿಂದ ಎಷ್ಟೋ ಸಲ ತಿರುಗಿಸಿ ನೋಡಿದ್ದೇನೆ. ತಾಯಿಯ ಮಾತಿಗೆ ಬೆಲೆ ಕೊಟ್ಟರೋ, ಕ್ಲಾಸಿನ ಒಂದು ಮಗು ತಪ್ಪಿಹೋಗದಿರಲಿ ಎಂದು ನೋಡಿಕೊಂಡರೋ, ಅಥವಾ ಒಮ್ಮೆ ಹೂಂ ಅಂದದ್ದಕ್ಕೆ ಕಟ್ಟುಬಿದ್ದರೋ. ನನ್ನ ಬುದ್ಧಿ ಇನ್ನೂ ಹುಡುಕುತ್ತದೆ. ಅದರ ಅಭ್ಯಾಸ ಅದು.

ಅಷ್ಟರಲ್ಲಿ ಅವ್ವ ಎದ್ದಳು. ಹಾಸಿಗೆಯ ಪಕ್ಕದಲ್ಲಿದ್ದ ನೀರಿನ ತಂಬಿಗೆಯನ್ನು ಎತ್ತಿ ದೂರ, ಬಾಗಿಲಿನ ಆಚೆಗೆ ಇಟ್ಟು ಬಂದಳು. ನೀರು ಚಿಮುಕಿಸಿಯೇ ಅವರು ಜನರನ್ನು ತಮ್ಮವರನ್ನಾಗಿ ಮಾಡಿಕೊಳ್ಳುತ್ತಾರೆ ಎಂಬುದು ಅವಳ ತಿಳಿವಳಿಕೆ. ಸೆರಗಿಗೆ ಕೈ ಒರೆಸಿಕೊಂಡು ಹೇಳಿದಳು:

"ಅಕ್ಕೋರ, ಇನ್ನ ಕರೀರಿ."

ಹೇಳಿದವಳು ಅಲ್ಲಿ ನಿಲ್ಲಲಿಲ್ಲ. ಕಿಟಕಿಗೆ ಹೋಗಿ ನಮಗೆ ಬೆನ್ನು ಮಾಡಿ ಹೊರಗೆ ನೋಡುತ್ತ ನಿಂತಳು. ಬಾಯಿ ಒಪ್ಪಿದರೂ ಮನಸ್ಸು ಒಪ್ಪಿಲ್ಲ ಎಂದುಕೊಂಡೆ.

ಅಕ್ಕೋರು ಕೆಳದುಟಿಯನ್ನು ಒಳಗೆ ಎಳೆದುಕೊಂಡರು. ಅದು ಹೊರಗೆ ಬರುವುದಕ್ಕೆ ಹೊತ್ತು ಹಿಡಿಯಿತು. ಆಮೇಲೆ ನನ್ನ ಹೆಸರು ಬಂತು, ಅಪ್ಪನ ಹೆಸರು ಬಂತು, ಮನೆತನದ ಹೆಸರು ಬಂತು, ಮೂರೂ ಬಿಡಿಬಿಡಿಯಾಗಿ. ಸಾವಕಾಶ ಹೇಳು ಎಂದು ನನಗೆ ಕಲಿಸಿದವರು ಮಗ್ಗದ ಶೆಡ್ಡಿಗೆ ಕೇಳಿಸುವಷ್ಟು ದೊಡ್ಡ ದನಿಯಲ್ಲಿ ಕರೆದರು. ಪಕ್ಕದ ಮನೆಯವರು ಏನಾಯಿತೋ ಎಂದು ಬಾಗಿಲಿಗೆ ಬಂದರು. ನಾನು ಎದ್ದು ನಿಂತು "ಹಾಜರ್ರಿ" ಅಂದೆ. ಅವರ ಬಲಗೈ ಚಾದರದ ಮೇಲೆ ಸ್ವಲ್ಪ ಮೇಲೆದ್ದು, ಅಲ್ಲಿಯೇ ನಿಂತು, ಮತ್ತೆ ಕೆಳಗೆ ಇಳಿಯಿತು.

ಆ ಮಳೆಗಾಲ ದಾಟುವ ಮೊದಲೇ ಅವರು ತೀರಿಕೊಂಡರು. ಸುದ್ದಿ ತಲುಪಿದಾಗ ನಾನು ಎಂ.ಎ.ಗೆ ಧಾರವಾಡದಲ್ಲಿದ್ದೆ, ಕನ್ನಡ ಓದುತ್ತಿದ್ದೆ. ಬೆಲ್ಲದ ಕಾಗದದಿಂದ ಅಲ್ಲಿಯವರೆಗೆ ಬಂದಿದ್ದೆ. ಈಗ ಬರೆಯುತ್ತಿರುವ ಈ ಅಕ್ಷರಗಳೂ ಆ ಫರಸಿಯ ಮೇಲಿನವೇ. ಅವರ ಹೆಸರನ್ನು ನಾನು ಇಲ್ಲಿ ಎಲ್ಲಿಯೂ ಬರೆದಿಲ್ಲ. ಬರೆಯಲು ಒಪ್ಪಿಗೆ ಕೇಳಬೇಕಾದವರು ಈಗ ಇಲ್ಲ.

ಗಡಹಿಂಗ್ಲಜದಿಂದ ಮರಳಿದ ಆ ಸಂಜೆ ಬಸ್ಸಿನಲ್ಲಿ ಅವ್ವ ನನ್ನ ಪಕ್ಕದಲ್ಲಿ ಕುಳಿತಿದ್ದಳು. ನಿಪ್ಪಾಣಿಯ ದೀಪಗಳು ಕಾಣತೊಡಗಿದಾಗ ಕೇಳಿದಳು, "ತಲೀ ಮ್ಯಾಲೆ ಕೈ ಇಟ್ರೇನ?"

ಇಲ್ಲ ಅಂದೆ. ಹೆದರಬೇಡ, ಮುಟ್ಟಲಿಲ್ಲ ಅಂದೆ.

ಅವ್ವ ನನ್ನ ಜಡೆಯನ್ನು ಬೆನ್ನಿನಿಂದ ಮುಂದಕ್ಕೆ ತಂದು, ತುದಿ ಸರಿಮಾಡಿ, ಮತ್ತೆ ಹಿಂದಕ್ಕೆ ಬಿಟ್ಟಳು.

"ಇಡಲಿ ಅಂತನ ನಾ ಅತ್ತಾಗ ಮುಖಾ ಮಾಡಿ ನಿಂತಿದ್ನಿ," ಅಂದಳು.